ಕಪ್ಪತಗುಡ್ಡದ ಏರಿನಲ್ಲಿ ಎರಡು ಗಾಡಿ

ಷೋರೂಮಿನವರು ಹೊಸ ಎಸ್‌ಯುವಿಯ ಕೀಲಿ ಕೈಗೆ ಕೊಟ್ಟ ದಿನವೇ ಗೆಳೆಯ ಈ ಯೋಚನೆ ತಂದ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಕೋಣೆಯಿತ್ತು. ಅಲ್ಲಿಂದ ನಾವಿಬ್ಬರೂ ವಾಹನಗಳ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುತ್ತಿದ್ದೆವು. ಗಾಡಿ ಓಡಿಸುವುದು, ಪರೀಕ್ಷೆ ಮಾಡುವುದು, ಮಾತಾಡುವುದು ನನ್ನ ಪಾಲು. ಕ್ಯಾಮೆರಾ, ಎಡಿಟಿಂಗ್, ಷೋರೂಮುಗಳ ಜೊತೆ ಮಾತುಕತೆ ಅವನ ಪಾಲು. ಒಂದು ಹೊಸ ಗಾಡಿಯನ್ನು ಇನ್ನೊಂದು ಹೊಸ ಗಾಡಿಯ ಜೊತೆ ಎಲ್ಲರೂ ಹೋಲಿಸುತ್ತಾರೆ, ನಾವು ಹಳೇ ಕಾಲದ ಸಣ್ಣ ಕಾರಿನ ಜೊತೆ ಹೋಲಿಸೋಣ ಎಂದ. ನನಗೆ ಕೂಡಲೇ ಹಿಡಿಸಿತು. ಅಂಥ ಕಾರು ಎಲ್ಲಿ ಸಿಗುತ್ತದೆ ಎಂದು ನಾನು ಕೇಳುವ ಮೊದಲೇ ಅವನ ಬಳಿ ಉತ್ತರವಿತ್ತು.

"ಲಕ್ಷ್ಮೇಶ್ವರದಾಗ ನಿಮ್ಮ ಅಕ್ಕೋರದು ಐತೆಲ್ಲ. ನೀ ಕೇಳಿದರ ಕೊಡ್ತಾರ."

ಅಕ್ಕೋರು ಹೈಸ್ಕೂಲಿನಲ್ಲಿ ನನಗೆ ಆಟ ಕಲಿಸಿದವರು. ನಿವೃತ್ತರಾಗಿ ಬಹಳ ವರ್ಷವಾದರೂ ಇವತ್ತಿಗೂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಸಂಸಾರ ಮಾಡಿಕೊಳ್ಳಲಿಲ್ಲ, ತಮ್ಮನ ಮನೆಯ ಪಕ್ಕದಲ್ಲೇ ಸ್ವಂತ ಮನೆ ಕಟ್ಟಿಕೊಂಡಿದ್ದರು. ನೌಕರಿಯ ಮೊದಲ ವರ್ಷಗಳಲ್ಲಿ ಒಬ್ಬ ಹತ್ತಿ ವ್ಯಾಪಾರಿಯಿಂದ ಕೊಂಡ ತಿಳಿಹಸಿರು ಕಾರನ್ನು ಅವರು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಸಂತೆಗೆ, ಶಿರಹಟ್ಟಿಯಲ್ಲಿದ್ದ ತಂಗಿಯ ಮನೆಗೆ, ಜಿಲ್ಲಾ ಕ್ರೀಡಾಕೂಟಕ್ಕೆ, ಎಲ್ಲದಕ್ಕೂ ಅದೇ. ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಉದ್ದನೆಯ ಮುಂದಿನ ಸೀಟು, ಗುಂಡನೆಯ ದೀಪ. ಲಕ್ಷ್ಮೇಶ್ವರದಲ್ಲಿ ಅದರ ಹಾರ್ನ್ ಕೇಳಿಯೇ ಜನ ದಾರಿ ಬಿಡುತ್ತಿದ್ದರು.

ನಾನು ಹೋಗಿ ಕೇಳಿದಾಗ ಅವರು ನನ್ನನ್ನು ಅಂಗಳದ ಕಾರಿನ ಹತ್ತಿರ ಕರೆದುಕೊಂಡು ಹೋದರು. ಕಾರಿನ ನೋಂದಣಿಯ ನವೀಕರಣ ಹತ್ತಿರ ಬಂದಿದೆ, ಅದನ್ನು ಗುಜರಿಗೆ ಹಾಕಿಬಿಡು ಎಂದು ತಮ್ಮನ ಮಗ ದಿನಾ ಪೀಡಿಸುತ್ತಿದ್ದಾನೆ ಎಂದರು. ಗಾಡಿ ಇನ್ನೂ ಓಡುತ್ತದೆ ಎಂಬುದನ್ನು ನಾಲ್ಕು ಮಂದಿ ನೋಡಿದರೆ ಅವನ ಬಾಯಾದರೂ ಮುಚ್ಚೀತು ಎಂಬ ಆಸೆ ಅವರ ಮಾತಿನಲ್ಲಿತ್ತು. ಆಮೇಲೆ ಒಂದೇ ಒಂದು ಷರತ್ತು ಹಾಕಿದರು.

"ಅದರಾಗ ಏನ ತಪ್ಪು ಐತಿ ಅದನ್ನ ಹೇಳು, ಮುಚ್ಚಬ್ಯಾಡ. ಆದರ ಅದನ್ನ ಮುಂದಿಟ್ಟು ಮಂದೀನ ನಗಸಬ್ಯಾಡ."

ಆಗಲಿ ಎಂದೆ. ಗೆಳೆಯನ ಪರವಾಗಿಯೂ ನಾನೇ ಮಾತು ಕೊಟ್ಟೆ. ಕಾರನ್ನು ಓಡಿಸುವವರು ಅಕ್ಕೋರೇ, ಎಸ್‌ಯುವಿ ಓಡಿಸುವುದು ನಾನು ಎಂದು ತೀರ್ಮಾನವಾಯಿತು.

ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡಕ್ಕೂ ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಪಂಪಿನ ಪೆಟ್ರೋಲ್ ಎಂಬುದು ನನ್ನ ನಿಯಮ. ಮೊದಲು ಬೆಟಗೇರಿಯ ನೇಕಾರರ ಓಣಿಗಳಲ್ಲಿ ಶುರು ಮಾಡಿದೆವು. ಒಂದು ಕಡೆ ಮಗ್ಗದ ಸದ್ದು, ಇನ್ನೊಂದು ಕಡೆ ಕಟ್ಟೆಯ ಮೇಲೆ ಒಣಗಲು ಹಾಕಿದ ನೂಲು, ನಡುವೆ ಒಂದು ಗಾಡಿ ಹಿಡಿಯುವಷ್ಟು ದಾರಿ. ಎಸ್‌ಯುವಿಗೆ ನಾಲ್ಕೂ ಕಡೆ ಕ್ಯಾಮೆರಾ ಇತ್ತು. ಆದರೂ ಓಣಿಯ ತಿರುವಿನಲ್ಲಿ ಹಿಂದೆ ಮುಂದೆ ಮಾಡಿ ಮಾಡಿ ನನ್ನ ಅಂಗಿ ಒದ್ದೆಯಾಯಿತು. ಗೋಡೆ ಹತ್ತಿರ ಬಂದಾಗಲೆಲ್ಲ ಅದು ಕೂಗುತ್ತಿತ್ತು, ಆ ಓಣಿಯಲ್ಲಿ ಗೋಡೆ ಹತ್ತಿರವಿಲ್ಲದ ಜಾಗವೇ ಇರಲಿಲ್ಲ. ಅಕ್ಕೋರ ಕಾರಿನಲ್ಲಿ ಗಾಜುಗಳ ನಡುವಿನ ಕಂಬಗಳು ತೆಳು, ಕೂತಲ್ಲಿಂದಲೇ ನಾಲ್ಕು ಮೂಲೆ ಕಾಣುತ್ತವೆ. ಪವರ್ ಸ್ಟೇರಿಂಗ್ ಇಲ್ಲದ್ದರಿಂದ ಅವರು ಎರಡೂ ಕೈಯಲ್ಲಿ ಚಕ್ರವನ್ನು ಜಗ್ಗಿ ಜಗ್ಗಿ ತಿರುಗಿಸಿದರು, ಆದರೆ ಒಂದೇ ಸಲಕ್ಕೆ ತಿರುಗಿಸಿದರು.

ಅದಾದ ಮೇಲೆ ಗೆಳೆಯನಿಗೆ ಹೊಲದ ದೃಶ್ಯ ಬೇಕಾಯಿತು. ಅಂತೂರ ಬೆಂತೂರದ ಕಡೆ ಹಿಂದಿನ ಸಂಜೆ ಮಳೆಯಾಗಿತ್ತು. ಕಪ್ಪು ಎರೆಭೂಮಿ ಹಸಿಯಾದಾಗ ಗಾಡಿ ಇಳಿಸಬಾರದು ಎಂದು ಈ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಅವನು ಜಾಹೀರಾತಿನಲ್ಲಿ ಗುಡ್ಡ ಹತ್ತುವ ಗಾಡಿ ಹೊಲ ದಾಟುವುದಿಲ್ಲವೇ ಎಂದು ಹಟ ಹಿಡಿದ. ಅದು ನೋಡಲಿಕ್ಕೆ ದೈತ್ಯನಾದರೂ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಹೊಲದ ದಾರಿಗೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಚಕ್ರಗಳಿಗೆ ಮಣ್ಣು ಮೆತ್ತಿಕೊಂಡು ಅವು ರೊಟ್ಟಿಯಂತೆ ನುಣುಪಾದವು. ನಾನು ಹಿಂದಕ್ಕೆ ತೆಗೆಯಲು ನೋಡಿದಷ್ಟೂ ಗಾಡಿ ಬದುವಿನ ಕಡೆ ವಾಲಿತು. ಕೊನೆಗೆ ಹತ್ತಿರದ ಹೊಲದ ರೈತರೊಬ್ಬರು ಟ್ರ್ಯಾಕ್ಟರ್ ತಂದು, ದಪ್ಪ ಹಗ್ಗ ಕಟ್ಟಿ ಎಳೆದರು. ಹಗ್ಗ ಇಟ್ಟುಕೊಳ್ಳಿರಿ, ಮುಂದೆ ಬೇಕಾದೀತು ಎಂದು ನಗುತ್ತ ಅದನ್ನು ನಮ್ಮ ಗಾಡಿಯ ಹಿಂದೆಯೇ ಹಾಕಿದರು.

ಇದನ್ನೆಲ್ಲ ಗೆಳೆಯ ಚಿತ್ರೀಕರಿಸಿದ್ದ. ನಾನು ಅಲ್ಲೇ ಕೆಸರಿನಲ್ಲಿ ನಿಂತು ಕ್ಯಾಮೆರಾಕ್ಕೆ ಹೇಳಿದ್ದೆ: ಹಳೆಯ ಕಾರನ್ನು ನಾವು ಇಲ್ಲಿಗೆ ಇಳಿಸಲಿಲ್ಲ, ಇಳಿಸಿದ್ದರೆ ಅದೂ ಹೂತುಹೋಗುತ್ತಿತ್ತು, ಆದ್ದರಿಂದ ಇದನ್ನು ಯಾರ ಸೋಲು ಎಂದೂ ಲೆಕ್ಕ ಹಿಡಿಯಬೇಡಿ ಎಂದು.

ಬ್ರೇಕಿನ ಪರೀಕ್ಷೆಗೆ ಲಕ್ಷ್ಮೇಶ್ವರದ ಹೊರಗೆ ಇನ್ನೂ ಮನೆಗಳು ಏಳದ ಒಂದು ಲೇಔಟಿನ ರಸ್ತೆ ಸಿಕ್ಕಿತು. ಅಲ್ಲಿ ಅಕ್ಕೋರಿಗೆ ಹಳೆಯ ಹುರುಪು ಬಂತು. ಓಟದ ಗೆರೆ ಹಾಕುತ್ತಿದ್ದ ಸುಣ್ಣದ ಪುಡಿ, ಉದ್ದ ಟೇಪು, ಕೊರಳಿಗೆ ಸೀಟಿ ಎಲ್ಲವನ್ನೂ ಮನೆಯಿಂದ ತಂದಿದ್ದರು. ಬಗ್ಗಿ ಡಾಂಬರಿನ ಮೇಲೆ ಅಡ್ಡಗೆರೆ ಎಳೆದು, ಗೆರೆಗೆ ಮುಂದಿನ ಚಕ್ರ ತಾಗಿದ ಕೂಡಲೇ ಸೀಟಿ ಊದುತ್ತೇನೆ, ಆಗಲೇ ಬ್ರೇಕ್ ಒತ್ತು ಎಂದರು. ಎಸ್‌ಯುವಿ ಗಕ್ಕನೆ ನಿಂತಿತು. ನಾನು ಬೆಲ್ಟಿಗೆ ಜೋತುಬಿದ್ದೆ, ಗಾಡಿ ಮಾತ್ರ ಒಂದಿಷ್ಟೂ ಅಡ್ಡ ಸರಿಯಲಿಲ್ಲ. ಕಾರಿನ ಸರದಿಯಲ್ಲಿ ಸೀಟಿ ನನ್ನ ಕೈಗೆ ಬಂತು. ಅದರ ಡ್ರಮ್ ಬ್ರೇಕಿಗೆ ಒಮ್ಮೆ ಒತ್ತಿ ಬಿಟ್ಟು ಮತ್ತೆ ಒತ್ತಬೇಕು. ಎಡಕ್ಕೆ ಎಳೆಯುತ್ತ ಅದು ಬಹಳ ಮುಂದೆ ಹೋಗಿ ನಿಂತಿತು. ಮತ್ತೆ ಮಾಡಿದೆವು, ಮತ್ತೂ ಮಾಡಿದೆವು. ಫಲ ಬದಲಾಗಲಿಲ್ಲ. ಅಕ್ಕೋರು ಎರಡು ಗುರುತುಗಳ ನಡುವಿನ ದೂರವನ್ನು ನೋಡಿ ಕ್ಯಾಮೆರಾದ ಕಡೆ ತಿರುಗಿ ಹೇಳಿದರು.

"ಇದರ ಮುಂದ ನನ್ನ ಗಾಡಿ ನಿಲ್ಲಂಗಿಲ್ಲ. ಖರೇನ ಹೇಳಬೇಕಲ್ಲ."

ತಮ್ಮ ವಸ್ತುವಿನ ಕೊರತೆಯನ್ನು ಅಷ್ಟು ನೇರವಾಗಿ ಒಪ್ಪಿಕೊಳ್ಳುವವರನ್ನು ನಾನು ಈ ಕೆಲಸದಲ್ಲಿ ಕಂಡದ್ದು ಕಡಿಮೆ. ಅದೇ ವಿಡಿಯೋದ ಜೀವಾಳವಾಗುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎರಡೂ ಗಾಡಿಯ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿದೆವು. ಗಾಳಿಯ ಗುಳ್ಳೆ ಉಳಿಯದಂತೆ ಗಾಡಿಯನ್ನು ಅಲುಗಾಡಿಸಿ, ಮತ್ತೆ ತುಂಬಿಸಿ, ಶಿರಹಟ್ಟಿ ದಾಟಿ ಕಪ್ಪತಗುಡ್ಡದ ದಾರಿ ಹಿಡಿದೆವು. ಮುಂಡರಗಿ ಮುಟ್ಟಿ ಅಲ್ಲಿ ಮತ್ತೆ ತುಂಬಿಸಿ ಕುಡಿದ ಎಣ್ಣೆಯ ಲೆಕ್ಕ ನೋಡುವುದು ಯೋಜನೆ. ಬಿಸಿಲು ಏರಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದರೂ ಕೆಳಗೆ ಏರಿನಲ್ಲಿ ಗಾಳಿ ಇರಲಿಲ್ಲ. ಅರ್ಧ ಏರಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ನಾನು ಬಾನೆಟ್ ಎತ್ತಿದೆ. ಎಂಜಿನ್ನಿಗೆ ಅಂಟಿಕೊಂಡಿರುವ ಹಳೆಯ ನಮೂನೆಯ ಪೆಟ್ರೋಲ್ ಪಂಪು ಸುಡುತ್ತಿತ್ತು. ಇಂಥ ಕಾರುಗಳಲ್ಲಿ ಪೆಟ್ರೋಲ್ ಕಾದು ಕೊಳವೆಯೊಳಗೇ ಹಬೆಯಾದರೆ ಮುಂದಕ್ಕೆ ಹೋಗುವುದಿಲ್ಲ. ಕೆಟ್ಟದ್ದೇನೂ ಇಲ್ಲ, ತಣ್ಣಗಾಗಬೇಕು ಅಷ್ಟೆ. ಅಕ್ಕೋರು ಸೀಟಿನ ಕೆಳಗಿನಿಂದ ಒಂದು ಹಳೆಯ ಅರಿವೆ ತೆಗೆದು, ನೀರಿನಲ್ಲಿ ತೋಯಿಸಿ ಪಂಪಿಗೆ ಸುತ್ತಿದರು. ನಾವು ಬೇವಿನ ಗಿಡದ ನೆರಳಿನಲ್ಲಿ ಕೂತು ಅವರು ತಂದಿದ್ದ ಶೇಂಗಾ ಹೋಳಿಗೆ ತಿಂದೆವು.

ಕಾಯುವಾಗ ಗೆಳೆಯ ಎಸ್‌ಯುವಿಯ ಹಿಂಬಾಗಿಲು ತೆಗೆದು ಆ ಟ್ರ್ಯಾಕ್ಟರಿನ ಹಗ್ಗ ಹೊರಗೆಳೆದ. ವಿಡಿಯೋದ ಮುಖಪುಟಕ್ಕೆ ಒಂದು ತಮಾಷೆಯ ಫೋಟೋ ಬೇಕು, ಹಗ್ಗ ಕಟ್ಟಿ ಎರಡು ಗಾಡಿ ನಿಲ್ಲಿಸೋಣ, ನಿನ್ನೆ ದೊಡ್ಡದನ್ನು ಎಳೆದದ್ದೂ ಇದೇ ಹಗ್ಗ ಎಂದು ಒಳಗೆ ತೋರಿಸಿದರೆ ಜನ ಖುಷಿಪಡುತ್ತಾರೆ ಎಂದ. ಅಕ್ಕೋರು ನನ್ನ ಕಡೆ ನೋಡಿದರು. ಫೋಟೋಕ್ಕೆ ಮಾತ್ರ ಎಂದೆ. ಅವರು ನಕ್ಕು ಹೋಗಿ ಸ್ಟೇರಿಂಗ್ ಹಿಡಿದು ಕೂತರು. ನಾನು ಎಸ್‌ಯುವಿಯನ್ನು ಹಗ್ಗ ಬಿಗಿಯಾಗುವಷ್ಟು ಒಂದೆರಡು ಮಾರು ಮುಂದಕ್ಕೆ ತಂದೆ. ಅವನು ಅಷ್ಟು ಹೊತ್ತೂ ಕ್ಯಾಮೆರಾ ಚಾಲೂ ಇಟ್ಟುಕೊಂಡೇ ಸುತ್ತಲೂ ಓಡಾಡಿ ಚಿತ್ರ ತೆಗೆದ. ಹಗ್ಗ ಬಿಚ್ಚಿದೆವು. ಅಷ್ಟರಲ್ಲಿ ಪಂಪು ತಣ್ಣಗಾಗಿತ್ತು. ಮೊದಲ ಸೆಲ್ಫ್ ಸ್ಟಾರ್ಟಿಗೇ ಎಂಜಿನ್ ಹತ್ತಿಕೊಂಡು ಕಾರು ಎರಡನೇ ಗೇರಿನಲ್ಲಿ ನಿಧಾನವಾಗಿ, ತನ್ನ ಪಾಡಿಗೆ ತಾನು, ಇಡೀ ಏರನ್ನು ಏರಿತು. ಮುಂಡರಗಿಯಲ್ಲಿ ಟ್ಯಾಂಕ್ ತುಂಬಿಸಿ ನೋಡಿದರೆ ಎಣ್ಣೆಯ ಲೆಕ್ಕದಲ್ಲೂ ಹೊಸದೇ ಮುಂದೆ. ಆದರೆ ಅಂತರ ನಾನು ಅಂದುಕೊಂಡಷ್ಟಿರಲಿಲ್ಲ.

ಕೋಣೆಗೆ ಮರಳಿದ ಮೇಲೆ ನಾನು ಧ್ವನಿ ಮುದ್ರಿಸಿಕೊಟ್ಟೆ. ಮಕ್ಕಳು ಮರಿ ಇರುವ ಮನೆಗೆ, ಹೆದ್ದಾರಿಯ ಓಡಾಟಕ್ಕೆ ಹೊಸ ಗಾಡಿಯೇ ಸರಿ, ಬ್ರೇಕೊಂದರಿಂದಲೇ ಆ ಮಾತು ಹೇಳಬಹುದು ಎಂದೆ. ಕೊನೆಯ ಸಾಲನ್ನು ಮನಸ್ಸಿಟ್ಟು ಹೇಳಿದೆ: "ಆದರೆ ಈ ಹಳೆಯದು ಸೋತ ಗಾಡಿ ಅಲ್ಲ." ಭಾರ ಬರಲಿ ಎಂದು 'ಅಲ್ಲ' ಎಂಬುದರ ಮುಂದೆ ಒಂದಿಷ್ಟು ತಡೆದಿದ್ದೆ. ಬಿಡುಗಡೆಗೆ ಮೊದಲು ತೋರಿಸು ಎಂದೆ. ಎಡಿಟಿಂಗ್ ಇನ್ನೂ ಮುಗಿದಿಲ್ಲ ಎನ್ನುತ್ತಲೇ ಇದ್ದ.

ನಾನು ಆ ವಿಡಿಯೋವನ್ನು ಮೊದಲು ಕೇಳಿದ್ದು ಗದಗಿನ ಒಂದು ಕಟಿಂಗ್ ಅಂಗಡಿಯಲ್ಲಿ. ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಹಿಂದೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರ ಫೋನಿನಲ್ಲಿ ನನ್ನದೇ ದನಿ. "ಈ ಹಳೆಯದು ಸೋತ ಗಾಡಿ." ಮುಂದಿನ ಶಬ್ದಕ್ಕೆ ಕಾದೆ. ಬಂದದ್ದು ಡೋಲಿನ ಸಂಗೀತ, ಅದರ ಮೇಲೆ ಬೆಂಚಿನವರ ನಗು.

ಸಾಬೂನು ಒರೆಸಿಕೊಂಡು ಅವರ ಫೋನು ಇಸಿದುಕೊಂಡು ಮೊದಲಿನಿಂದ ನೋಡಿದೆ. ಎರೆಹೊಲ ಇರಲಿಲ್ಲ. ಟ್ರ್ಯಾಕ್ಟರ್ ಇರಲಿಲ್ಲ. ಬೆಟಗೇರಿಯ ಓಣಿಯಲ್ಲಿ ಅಕ್ಕೋರು ಚಕ್ರ ಜಗ್ಗುವುದು ಮಾತ್ರ ಇತ್ತು, ಒಂದೇ ಸಲಕ್ಕೆ ತಿರುಗಿದ್ದು ಇರಲಿಲ್ಲ. ಏರಿನಲ್ಲಿ ಕಾರು ಮುಗ್ಗರಿಸಿ ನಿಲ್ಲುವುದು, ಬಾನೆಟ್ ಏಳುವುದು, ಒಡನೆಯೇ ಹಗ್ಗ. ಹೊಸ ಗಾಡಿ ಹಳೆಯದನ್ನು ಎಳೆಯುತ್ತಿದೆ. ನಾನು ತಂದ ಆ ಒಂದೆರಡು ಮಾರನ್ನೇ ಬೇರೆ ಬೇರೆ ಕಡೆಯಿಂದ ತಿರುಗಿ ತಿರುಗಿ ತೋರಿಸಿ ಇಡೀ ಗುಡ್ಡ ಎಳೆದಂತೆ ಮಾಡಿದ್ದ. ಅದರ ಮೇಲೆ ಅಕ್ಕೋರ ಮುಖ, ಅಕ್ಕೋರ ಮಾತು: "ಇದರ ಮುಂದ ನನ್ನ ಗಾಡಿ ನಿಲ್ಲಂಗಿಲ್ಲ." ಬ್ರೇಕಿನ ಬಗ್ಗೆ ಹೇಳಿದ್ದು ಶರಣಾಗತಿಯ ಮಾತಾಗಿತ್ತು.

ಕೋಣೆಗೆ ಹೋದಾಗ ಗೆಳೆಯ ಮುಂದಿನ ವಿಡಿಯೋದ ಕೆಲಸದಲ್ಲಿದ್ದ. ಸಿಟ್ಟಿನಲ್ಲಿ ಏನೇನು ಕೂಗಾಡಿದೆನೋ ನೆನಪಿಲ್ಲ. ಇದು ನಾನು ಹೇಳಿದ ಮಾತಲ್ಲ ಎಂದದ್ದು ನೆನಪಿದೆ. ನಿನ್ನ ದನಿಯೇ ಇದೆಯಲ್ಲ ಎಂದು ಅವನು ಪರದೆಯಿಂದ ಕಣ್ಣು ತೆಗೆಯದೇ ಹೇಳಿದ. ಹೊಸ ಗಾಡಿ ಗೆದ್ದೇ ಇತ್ತು, ಬ್ರೇಕಿನಲ್ಲಿ, ಎಣ್ಣೆಯಲ್ಲಿ, ಏರಿನಲ್ಲಿ ನ್ಯಾಯವಾಗಿಯೇ ಗೆದ್ದಿತ್ತು, ಗೆದ್ದ ಗಾಡಿಗೆ ಸುಳ್ಳು ಯಾಕೆ ಬೇಕಿತ್ತು ಎಂದು ಕೇಳಿದೆ. ಆಗ ಅವನು ಕುರ್ಚಿ ತಿರುಗಿಸಿ ಕೂತು, ಚಿಕ್ಕವರಿಗೆ ತಿಳಿಹೇಳುವ ಹಾಗೆ ಎಲ್ಲವನ್ನೂ ಹೇಳಿದ. ನೋಡುವವರಿಗೆ ನ್ಯಾಯ ಬೇಕಿಲ್ಲ, ನಗು ಬೇಕು. ಷೋರೂಮಿನ ಮ್ಯಾನೇಜರು ಕೀಲಿ ಕೊಡುವ ಮೊದಲೇ ಹೀಗೇ ಇರಬೇಕೆಂದು ಮಾತಾಡಿದ್ದರು. ಮುಂದೆ ಬರುವ ಗಾಡಿಗಳೂ ನಮಗೇ ಸಿಗುತ್ತವೆ ಎಂದಿದ್ದರು. ಹೊಲದಲ್ಲಿ ಹೂತದ್ದನ್ನು ಅವರಿಗೆ ತೋರಿಸಿಯೂ ಇರಲಿಲ್ಲ.

"ಅಕ್ಕೋರ ಕಾರ ಬೇಕಂದವರೂ ಅವರ. ಸುತ್ತ ನಾಕು ಊರಾಗ ಎಲ್ಲಾರಿಗೂ ಗುರುತಿರೋ ಗಾಡಿ ಅಂತ. ನಾ ಕೇಳಿದ್ದರ ಅವರು ಕೊಡತಿದ್ದಿಲ್ಲ. ಅದಕ್ಕ ನಿನ್ನ ಕಳಿಸಿದೆ."

ಅಲ್ಲಿಯವರೆಗೆ ಅವನು ನನ್ನ ಕೆಲಸ ಕೆಡಿಸಿದ ಎಂದುಕೊಂಡಿದ್ದೆ. ನನ್ನ ಕೆಲಸ ಎಂಬುದೇ ಇರಲಿಲ್ಲ. ಗಾಳಿಯ ಗುಳ್ಳೆ ಉಳಿಯದಂತೆ ಟ್ಯಾಂಕ್ ಅಲುಗಾಡಿಸಿದ್ದು, ಬ್ರೇಕಿನ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದ್ದು, ಎಲ್ಲಕ್ಕೂ ಫಲಿತಾಂಶ ಮೊದಲೇ ತೀರ್ಮಾನವಾಗಿತ್ತು. ಅವನಿಗೆ ನನ್ನಿಂದ ಬೇಕಾಗಿದ್ದದ್ದು ಅಕ್ಕೋರ ಮನೆಯ ಬಾಗಿಲು ತೆರೆಸುವ ಒಂದು ಮುಖ. ಒಂದೇ ತಟ್ಟೆಯಲ್ಲಿ ಮಿರ್ಚಿ ಗಿರಮಿಟ್ಟು ತಿಂದುಕೊಂಡು ಶುರು ಮಾಡಿದ ಕೋಣೆಯಲ್ಲಿ ಅವನ ಎದುರು ನಿಂತಾಗ, ಅವನಿಗೆ ನಾಚಿಕೆಯಾಗಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ವಿಡಿಯೋ ತೆಗೆ ಎಂದೆ. ತೆಗೆಯುವುದಿಲ್ಲ ಎಂದ. ಖಾತೆ ಇದ್ದದ್ದು ಅವನ ಹೆಸರಿನಲ್ಲಿ. ಅದನ್ನು ತೆರೆದ ದಿನ ಅದು ದೊಡ್ಡ ವಿಷಯ ಎಂದು ನನಗೆ ಅನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋದೆ. ಯಾರೋ ತೋರಿಸುವ ಮೊದಲು ನಾನೇ ಹೇಳಬೇಕು ಎಂದುಕೊಂಡಿದ್ದೆ. ತಡವಾಗಿತ್ತು. ತಮ್ಮನ ಮನೆಯಲ್ಲಿ ಸೊಸೆಯ ಸೀಮಂತಕ್ಕೆ ಕೂಡಿದ್ದ ನಂಟರ ನಡುವೆ, ತಮ್ಮನ ಮಗ ಅದನ್ನು ಟಿವಿಗೆ ಹಾಕಿ ತೋರಿಸಿದ್ದನಂತೆ. ಅಕ್ಕೋರು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಗಿಯುವವರೆಗೂ ಎದ್ದು ಹೋಗಲಿಲ್ಲವಂತೆ.

ನಾನು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಷೋರೂಮಿನ ಮಾತು, ಕತ್ತರಿಸಿದ ಶಬ್ದ, ನನ್ನನ್ನು ಯಾಕೆ ಕಳಿಸಿದ ಎಂಬುದನ್ನೂ. ನನಗೂ ಮೋಸವಾಗಿದೆ ಎಂಬುದು ಅವರಿಗೆ ತಿಳಿಯಲಿ ಎಂಬ ಆಸೆಯಿತ್ತು. ಅವರು ಕೊನೆಯವರೆಗೂ ಕೇಳಿದರು.

"ನಾ ಗಾಡಿ ಕೊಟ್ಟದ್ದು ನಿನಗ. ಅವನ ಹೆಸರೂ ನನಗ ಗೊತ್ತಿದ್ದಿಲ್ಲ."

ಅಷ್ಟೇ ಅಂದರು. ಚಹಾ ಬಂತು, ಕುಡಿದೆ.

ಗದಗಿಗೆ ಮರಳುವ ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಮನೆಯ ಪಡಸಾಲೆಯಲ್ಲಿ ಗೋಡೆಗೆ ಫೋನು ಒರಗಿಸಿಟ್ಟು ಕೂತು, ಸಂಗೀತವಿಲ್ಲದೆ, ಚಿತ್ರವಿಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬ್ರೇಕಿನಲ್ಲಿ ಹೊಸದು ಎಷ್ಟು ಮೇಲು, ಓಣಿಯಲ್ಲಿ ಹಳೆಯದು ಯಾಕೆ ಸುಲಭ, ಹೊಲದಲ್ಲಿ ಯಾವುದು ಹೂತುಕೊಂಡಿತು, ಏರಿನಲ್ಲಿ ಯಾವುದು ನಿಂತಿತು, ಯಾಕೆ ನಿಂತಿತು, ಹೇಗೆ ಎದ್ದು ಹೋಯಿತು. ಹಗ್ಗ ಕಟ್ಟಿದ್ದು ಫೋಟೋಕ್ಕೆ, ಹಗ್ಗದ ತುದಿಯ ಗಾಡಿಯನ್ನು ಮುಂದಕ್ಕೆ ತಂದವನು ನಾನೇ, ಕಾರನ್ನು ಯಾರೂ ಎಳೆಯಲಿಲ್ಲ ಎಂದೆ. ಎಳೆದದ್ದು ಎಸ್‌ಯುವಿಯನ್ನು, ಅಂತೂರ ಬೆಂತೂರದ ಟ್ರ್ಯಾಕ್ಟರ್ ಎಂದೂ ಹೇಳಿದೆ. ಹೊಸ ಖಾತೆಯಲ್ಲಿ ಹಾಕಿದೆ.

ಮೊದಲನೆಯದನ್ನು ನೋಡಿದವರಲ್ಲಿ ಬಹಳ ಸ್ವಲ್ಪ ಮಂದಿ ಇದನ್ನು ನೋಡಿದರು. ಅಕ್ಕೋರ ಹಳೆಯ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಹಂಚಿಕೊಂಡರು, ಟ್ರ್ಯಾಕ್ಟರಿನ ರೈತರು ಫೋನು ಮಾಡಿ ಜೋರಾಗಿ ನಕ್ಕರು. ಷೋರೂಮಿನ ಮ್ಯಾನೇಜರು ಇನ್ನು ಯಾವ ಗಾಡಿಯೂ ನಿಮಗೆ ಸಿಗುವುದಿಲ್ಲ ಎಂದರು. ಬೇರೆ ಷೋರೂಮುಗಳಲ್ಲೂ ಹಾಗೇ ಆಯಿತು. ಗೆಳೆಯ ಫೋನು ಮಾಡಲಿಲ್ಲ. ಕೆಲವೇ ವಾರಗಳಲ್ಲಿ ಅವನಿಗೆ ಇನ್ನೊಂದು ದನಿ ಸಿಕ್ಕಿತು. ನನ್ನದಕ್ಕಿಂತ ಗಟ್ಟಿಯಾದ ದನಿ. ಆ ಹಗ್ಗದ ವಿಡಿಯೋ ಈಗಲೂ ಅಲ್ಲೇ ಇದೆ, ಈಗಲೂ ಓಡುತ್ತಿದೆ.

ಒಂದು ದಿನ ನನ್ನ ವಿಡಿಯೋವನ್ನು ತೋರಿಸಲು ಮತ್ತೆ ಲಕ್ಷ್ಮೇಶ್ವರಕ್ಕೆ ಹೋದೆ. ಅಕ್ಕೋರು ಅಂಗಳದಲ್ಲಿ ಕಾರು ಒರೆಸುತ್ತಿದ್ದರು. ಅವತ್ತೇ ಗದಗಿನ ಸಾರಿಗೆ ಕಚೇರಿಯಲ್ಲಿ ನವೀಕರಣದ ತಪಾಸಣೆ ಇತ್ತು. ಎಡಕ್ಕೆ ಎಳೆಯುತ್ತಿದ್ದ ಬ್ರೇಕನ್ನು ಬಿಚ್ಚಿಸಿ ಹೊಸ ಲೈನಿಂಗ್ ಹಾಕಿಸಿದ್ದೇನೆ ಎಂದರು. ನನ್ನ ಫೋನು ತೆಗೆದುಕೊಂಡು ನಿಂತಲ್ಲೇ ಪೂರ್ತಿ ನೋಡಿದರು. ಸರಿಯಾಗಿ ಹೇಳಿದ್ದಿ ಎಂದು ಫೋನು ಮರಳಿ ಕೊಟ್ಟರು. ಶಾಲೆಯಲ್ಲಿ ಯಾವ ಹುಡುಗನಿಗಾದರೂ ಹೇಳುತ್ತಿದ್ದ ದನಿಯಲ್ಲೇ ಹೇಳಿದರು.

ಗೇಟು ತೆಗೆ ಎಂದರು. ತೆಗೆದೆ. ನನಗೂ ಗದಗಿಗೇ ಹೋಗಬೇಕಾಗಿತ್ತು, ಅದು ಅವರಿಗೂ ಗೊತ್ತಿತ್ತು. ಚೋಕ್ ಎಳೆದು ಎಂಜಿನ್ ಹತ್ತಿಸಿ, ಕುತ್ತಿಗೆ ತಿರುಗಿಸಿ ನೋಡುತ್ತ ಕಾರನ್ನು ಹಿಂದಕ್ಕೆ ರಸ್ತೆಗೆ ತಂದರು. ನಾನು ಎಡಗಡೆಯ ಬಾಗಿಲ ಹತ್ತಿರ ಹೋಗಿ ನಿಂತೆ. ಅವರು ಸೀಟಿನ ಮೇಲೆ ಅಡ್ಡ ಬಾಗಿ ಕೈ ಚಾಚಿದರು. ಬಾಗಿಲು ತೆಗೆಯುತ್ತಾರೆ ಎಂದುಕೊಂಡೆ. ಒಳಗಿನ ಲಾಕಿನ ಗುಂಡಿಯನ್ನು ಕೆಳಗೆ ಒತ್ತಿ, ನೆಟ್ಟಗೆ ಕೂತು ಗೇರು ಹಾಕಿದರು.

"ಗೇಟು ಹಾಕ್ಕೊಂಡು ಹೋಗು" ಎಂದರು.

ಕಾರು ಓಣಿಯ ತಿರುವಿನಲ್ಲಿ ಒಮ್ಮೆ ಹಾರ್ನ್ ಹಾಕಿ ಮರೆಯಾಯಿತು. ನಾನು ಗೇಟು ಹಾಕಿ, ಚಿಲಕ ಸರಿಯಾಗಿ ಕೂತಿದೆಯೇ ಎಂದು ಜಗ್ಗಿ ನೋಡಿ, ಬಸ್ ನಿಲ್ದಾಣದ ಕಡೆ ನಡೆದೆ.